ದೇವರ ಜಗಲಿ ಹತ್ತಿದ ಲೆನ್ಸು

ಈ ದಸರೆಯೊಳಗೆ ತನ್ನ ಹೆಸರು ಇತ್ತ ಕೊಹೀರಿನಿಂದ ಅತ್ತ ತಾಂಡೂರಿನವರೆಗೆ ಮನೆಮಾತಾಗದಿದ್ದರೆ ಕ್ಯಾಮೆರಾದ ಕರಿಬಟ್ಟೆಯನ್ನೇ ರುಮಾಲು ಸುತ್ತಿಕೊಂಡು ತಿರುಗುತ್ತೇನೆ ಎಂದು ಜಹೀರಾಬಾದಿನ ಫೋಟೋಗ್ರಾಫರ್ ವೈಜಿನಾಥ ಪ್ರತಿಜ್ಞೆ ಮಾಡಿದ. ಆ ಭೀಷ್ಮಪ್ರತಿಜ್ಞೆಗೆ ಸಾಕ್ಷಿಯಾಗಿ ಇದ್ದವಳು ಹೆಂಡತಿ ಉಮಾಬಾಯಿ ಒಬ್ಬಳೇ. ಅವಳು ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದಿನಲ್ಲಿ ಅರ್ಧ ಮಾತು ಕೇಳಿಸಲಿಲ್ಲ. ಕೇಳಿಸದ ಅರ್ಧ ಏನಿರಬಹುದೆಂದು ಅವಳಿಗೆ ಗೊತ್ತಿತ್ತು.

ಇಷ್ಟಕ್ಕೆಲ್ಲ ಕಾರಣ ಒಂದು ಲೆನ್ಸು. ಹೈದರಾಬಾದಿನ ಆಬಿಡ್ಸಿನಲ್ಲಿ, ಯಾರೋ ಇಂಗ್ಲಿಷ್ ದೊರೆ ತನ್ನ ಊರಿಗೆ ಹೋಗುವಾಗ ಮಾರಿಹೋದ ಸಾಮಾನಿನ ರಾಶಿಯಲ್ಲಿ ಸಿಕ್ಕಿದ್ದು. ಹಿತ್ತಾಳೆಯ ಮೈ, ಸುಣ್ಣದ ಡಬ್ಬಿಗಿಂತ ತುಸು ದೊಡ್ಡದು, ಹುಟ್ಟೂರು ಜರ್ಮನಿ. ಕತ್ತಲೆಕೋಣೆಯಲ್ಲಿ ಸಣ್ಣ ಫೋಟೋವನ್ನು ಹಿಗ್ಗಿಸಿ ದೊಡ್ಡದು ಮಾಡಲೆಂದೇ ತಯಾರಾದ ಲೆನ್ಸು ಅದು. ವೈಜಿನಾಥನ ಕೈಗೆ ಬಂದ ಮೇಲೆ ಅದಕ್ಕೆ ಇನ್ನೊಂದು ಕೆಲಸವೂ ಬಿತ್ತು. ಹಿಂದುಮುಂದಾಗಿ ತಿರುಗಿಸಿ ಕ್ಯಾಮೆರಾದ ಮೂತಿಗೆ ಕಟ್ಟಿ ಇರುವೆಯ ಎದುರು ಹಿಡಿದರೆ, ಇರುವೆ ಎಮ್ಮೆಕರುವಿನಷ್ಟಾಗಿ ಕಾಣುತ್ತಿತ್ತು. ಆಗ ಜರ್ಮನಿಯ ಮೇಲೆ ಲಡಾಯಿ ನಡೆದಿದ್ದ ಕಾಲ. ಜರ್ಮನಿಯ ಮಾಲು ನಿಜಾಮರ ರಾಜ್ಯಕ್ಕೆ ಬರುವುದು ನಿಂತು ಹೋಗಿತ್ತು. ಈ ಲೆನ್ಸು ಹೋದರೆ ಇನ್ನೊಂದಿಲ್ಲ ಎಂದು ವೈಜಿನಾಥ ಭಯದಿಂದಲ್ಲ, ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದ.

ಮನೆಗೆ ಕರೆಂಟು ಇರಲಿಲ್ಲ, ಸೂರ್ಯನೇ ದೀಪ. ಉಪ್ಪಿನಕಾಯಿ ಜಾಡಿಗಳಿದ್ದ ಕೋಣೆಯನ್ನು ಕತ್ತಲೆಕೋಣೆ ಮಾಡಿ, ಅದರ ಗೋಡೆಗೊಂದು ಕಿಂಡಿ ಕೊರೆದಿದ್ದ. ಅಂಗಳದಲ್ಲಿ ದೊಡ್ಡ ಕನ್ನಡಿ ಹಿಡಿದು ಬಿಸಿಲನ್ನು ಕಿಂಡಿಯೊಳಗೆ ತೂರಿಸಬೇಕು. ಆ ಬಿಸಿಲು ಒಳಗಿನ ಪೆಟ್ಟಿಗೆಯನ್ನೂ ಲೆನ್ಸನ್ನೂ ಹಾಯ್ದು ಎದುರಿನ ಕಾಗದದ ಮೇಲೆ ಚಿತ್ರವಾಗಿ ಬೀಳಬೇಕು. ಸೂರ್ಯ ಸರಿದಂತೆಲ್ಲ ಒಳಗಿನಿಂದ ವೈಜಿನಾಥ ಕೂಗುತ್ತಿದ್ದ, ಹೊರಗೆ ಉಮಾಬಾಯಿ ಕನ್ನಡಿ ಹೊರಳಿಸುತ್ತಿದ್ದಳು. ಒಲೆಯ ಮೇಲೆ ಬೇಳೆ ಉಕ್ಕಿದರೂ ಕನ್ನಡಿ ಬಿಡುವಂತಿರಲಿಲ್ಲ. ಹೀಗೆ ತಯಾರಾದ ಫೋಟೋದ ಕೆಳಗೆ ಸಹಿ ಮಾತ್ರ ವೈಜಿನಾಥನದು.

ಊರು ಗೆಲ್ಲುವ ಮೊದಲು ಅವನು ಗೆಲ್ಲಬೇಕಾಗಿದ್ದದ್ದು ಮಾವನನ್ನು. ಉಮಾಬಾಯಿಯ ತಂದೆ ಶಂಕ್ರೆಪ್ಪ ನಾರಾಯಣಖೇಡದ ತೊಗರಿ ವ್ಯಾಪಾರಿ. ಅಳಿಯ ಏನು ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ, ಕರಿ ಅರಿವೆ ಹೊದ್ದುಕೊಂಡು ಕುಳಿತಿರುತ್ತಾನೆ ಎಂದು ಹೇಳುತ್ತಿದ್ದರು. ಈ ಮಾತು ವೈಜಿನಾಥನಿಗೆ ಮುಳ್ಳಿನ ಹಾಗೆ ನಾಟಿತ್ತು. ಮಾವನ ತೊಗರಿಯ ಒಂದೇ ಒಂದು ಕಾಳಿನ ಫೋಟೋ ತೆಗೆದು, ಮೊರದಷ್ಟು ದೊಡ್ಡದು ಮಾಡಿ, ಅವರ ಅಂಗಡಿಯಲ್ಲೇ ತೂಗುಹಾಕಿ, ಗಿರಾಕಿಗಳು ಬಾಯಿ ತೆರೆದು ನಿಲ್ಲುವ ಹಾಗೆ ಮಾಡಬೇಕೆಂದು ನಿಶ್ಚಯಿಸಿದ.

ಕಾಳು ತರಿಸಿದ, ಫೋಟೋ ತೆಗೆದ. ಉಮಾಬಾಯಿ ಕನ್ನಡಿ ಹಿಡಿದಳು, ಬೇಳೆ ಹೊತ್ತಿತು, ಫೋಟೋ ಮೊರದಷ್ಟಾಯಿತು. ಅದನ್ನು ಹೊಸ ಪಂಚೆಯಲ್ಲಿ ಸುತ್ತಿಕೊಂಡು ನಾರಾಯಣಖೇಡಕ್ಕೆ ಹೋದಾಗ ಅಂಗಡಿಯಲ್ಲಿ ತಾಂಡೂರಿನ ಕಿಷ್ಟಪ್ಪ ಸಾಹುಕಾರರು ಖರೀದಿಗೆ ಕುಳಿತಿದ್ದರು. ಒಳ್ಳೆಯ ಗಳಿಗೆಗೇ ಬಂದೆನೆಂದು ವೈಜಿನಾಥ ಪಂಚೆ ಬಿಚ್ಚಿ ತೋರಿಸಿದ. ಶಂಕ್ರೆಪ್ಪನವರ ಮುಖ ಅರಳಿತು. ಇಡೀ ಜನ್ಮ ತೊಗರಿ ನೋಡಿದವರು, ಇಷ್ಟು ದೊಡ್ಡ ಕಾಳು ನೋಡಿರಲಿಲ್ಲ. ಅಲ್ಲಿಗೇ ಪಂಚೆ ಮುಚ್ಚಿದ್ದರೆ ವೈಜಿನಾಥ ಗೆದ್ದಿದ್ದ. ಆದರೆ ಹೆತ್ತವರಿಗೆ ಹೆಗ್ಗಣ ಮುದ್ದು. ಅವನು ಮುಂದೆ ಬಾಗಿ ಬೆರಳಿಟ್ಟು ತೋರಿಸಿದ.

"ಈ ಕಡಿ ನೋಡ್ರಿ ಮಾಮಾ. ತೂತಿನಾಗಿಂದ ಹುಳ ಹಣಕಿ ಹಾಕ್ಲತ್ತದ. ಅದರ ಕಾಲಿನ ಕೂದಲ ಸುದ್ದಾ ಕಾಣ್ತಾವ."

ನಿಜವಾಗಿಯೂ ಕಾಣುತ್ತಿದ್ದವು. ಕಿಷ್ಟಪ್ಪ ಸಾಹುಕಾರರು ಅಂಗೈಯಲ್ಲಿದ್ದ ತೊಗರಿಯನ್ನು ಮೆಲ್ಲಗೆ ಚೀಲಕ್ಕೆ ಸುರಿದರು, ಕೈ ಜಾಡಿಸಿದರು, ಯಾವುದೋ ಕೆಲಸ ನೆನಪಾಗಿ ಎದ್ದು ಹೋದರು. ಶಂಕ್ರೆಪ್ಪನವರು ಚೀಲದ ಬಾಯಿ ಕಟ್ಟಿದರು.

"ಅಳಿಯಂದ್ರ, ಹುಳಕ್ಕ ಹಾರ ಹಾಕೂದೊಂದು ಉಳದದ ನೋಡ್ರಿ," ಎಂದರು.

ವೈಜಿನಾಥ ಊರಿಗೆ ಮರಳಿದ, ಆದರೆ ಅವನ ಹೆಮ್ಮೆಗೆ ಒಂದು ಗೀರೂ ಬಿದ್ದಿರಲಿಲ್ಲ. ತಪ್ಪು ಹುಳದ್ದು, ಲೆನ್ಸಿನದಲ್ಲ! ಜಹೀರಾಬಾದಿನಲ್ಲೂ ಅದೇ ಕತೆ ನಡೆಯಿತು. ಕಂದಾಯದ ಗಿರ್ದಾವರ ಸಾಹೇಬರ ಫೋಟೋ ದೊಡ್ಡದು ಮಾಡಿಕೊಟ್ಟರೆ, ಕಪ್ಪು ಹಚ್ಚಿದ ಮೀಸೆಯ ಬುಡದಲ್ಲಿ ಬಿಳಿ ಕೂದಲು ಸಾಲಾಗಿ ನಿಂತಿದ್ದವು. ಮೇಷ್ಟರ ಹೆಂಡತಿ ಅನಸೂಯಾಬಾಯಿ ತನ್ನ ಫೋಟೋ ನೋಡಿ, ಇದು ನಮ್ಮ ಅತ್ತೆಯವರದು, ತಪ್ಪಿ ನನಗೆ ಕೊಟ್ಟಿದ್ದೀರಿ ಎಂದು ವಾಪಸು ಕಳಿಸಿದಳು. ಗಿರಾಕಿಗಳು ಅವನ ಫೋಟೋ ಅಂಗಡಿಯ ಎದುರು ಬಂದರೆ ಮುಖ ತಿರುಗಿಸಿ ದಾಟತೊಡಗಿದರು. ಜನಕ್ಕೆ ಸತ್ಯ ನೋಡುವ ಧೈರ್ಯವಿಲ್ಲ ಎಂದು ವೈಜಿನಾಥ ಖಾಲಿ ಅಂಗಡಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತ.

ಉಮಾಬಾಯಿಗೆ ಬೇರೆಯದೇ ಚಿಂತೆ. ಅವಳಿಗೆ ತಾಯಿಯ ಒಂದು ಫೋಟೋ ಬೇಕಾಗಿತ್ತು. ತಾಯಿ ರುಕ್ಮಿಣಿಬಾಯಿಗೆ ಚಿಕ್ಕಂದಿನಲ್ಲಿ ಸಿಡುಬು ಬಂದು ಮುಖದ ತುಂಬ ಕಲೆ ಉಳಿದಿತ್ತು. ಫೋಟೋ ಎಂದರೆ ಸಾಕು, ಕಂಬದ ಹಿಂದೆ ಸರಿಯುವರು. ಮಗಳ ಮದುವೆಯ ಫೋಟೋದಲ್ಲಿಯೂ ಅವರ ಸೆರಗು ಮಾತ್ರ ಬಂದಿದೆ. ಉಮಾಬಾಯಿ ಅತ್ತು ಕರೆದು, ಕೊನೆಗೆ ಆಣೆ ಹಾಕಿ ತಾಯಿಯನ್ನು ಒಪ್ಪಿಸಿದಳು. ದಸರೆಯ ಮುಂಚೆ ರುಕ್ಮಿಣಿಬಾಯಿ ಜಹೀರಾಬಾದಿಗೆ ಬಂದು, ತಲೆ ಬಗ್ಗಿಸಿ ಕ್ಯಾಮೆರಾದ ಎದುರು ಕುಳಿತು, ಫೋಟೋ ಹೇಗೆ ಬಂದರೂ ಯಾರಿಗೂ ತೋರಿಸಬೇಡ ಎಂದು ಮಗಳ ಕಿವಿಯಲ್ಲಿ ಹೇಳಿ ಹೋದರು. ಬನ್ನಿ ಕೊಡಲು ವಿಜಯದಶಮಿಯ ದಿನ ಗಂಡ ಹೆಂಡತಿ ಇಬ್ಬರೂ ಬರುವವರಿದ್ದರು. ಅಂದು ಫೋಟೋ ಕೈಗಿಡಬೇಕು.

ಕ್ಯಾಮೆರಾದ ಗಾಜಿನ ಪ್ಲೇಟನ್ನು ಬೆಳಕಿಗೆ ಹಿಡಿದು ವೈಜಿನಾಥ ಹಿಗ್ಗಿದ. ಇನ್ನು ಜರ್ಮನಿಯ ಲೆನ್ಸಿನಿಂದ ದೊಡ್ಡದು ಮಾಡಿದರೆ ಒಂದೊಂದು ಕಲೆಯನ್ನೂ ಎಣಿಸಬಹುದು ಎಂದ.

"ಎಣಸಂತ ಯಾರು ಕೇಳ್ಯಾರ್ರಿ?" ಎಂದಳು ಉಮಾಬಾಯಿ. "ನಮ್ಮವ್ವ ಅದ ನೋಡಿ ಮತ್ತ ಕಂಬದ ಹಿಂದ ಹೋದಳಂದ್ರ, ನಾ ನಿಮ್ಮ ಕನ್ನಡಿ ಇನ್ನ ಮುಟ್ಟೂದಿಲ್ಲ."

ಲೆನ್ಸು ಸುಳ್ಳು ಹೇಳುವುದಿಲ್ಲ, ತಾನೇನು ಮಾಡಲಿ ಎಂದು ವೈಜಿನಾಥ ಗತ್ತಿನಿಂದಲೇ ಉತ್ತರ ಕೊಟ್ಟ. ಆದರೆ ಒಳಗೊಳಗೇ ಅಳುಕಿದ. ಹೆಂಡತಿ ಕನ್ನಡಿ ಬಿಟ್ಟರೆ ಸೂರ್ಯನನ್ನು ಯಾರು ಹಿಡಿಯಬೇಕು?

ಅಷ್ಟರಲ್ಲಿ ಖಂಡೆಪೂಜೆ ಬಂತು. ರೈತ ನೇಗಿಲಿಗೆ, ಬಡಿಗ ಉಳಿಗೆ, ವ್ಯಾಪಾರಿ ತಕ್ಕಡಿಗೆ ಪೂಜೆ ಮಾಡುವ ದಿನ. ಉಳಿದ ವರ್ಷಗಳಲ್ಲಿ ವೈಜಿನಾಥ ಕ್ಯಾಮೆರಾಕ್ಕೆ ಮೂಲೆಯಲ್ಲೇ ಒಂದು ಹೂ ಏರಿಸಿ ಮುಗಿಸುತ್ತಿದ್ದ. ಈ ಸಲ ಲೆನ್ಸಿನಂಥ ಲೆನ್ಸು ಮನೆಗೆ ಬಂದಿರುವಾಗ ಅದನ್ನು ಮೂಲೆಯಲ್ಲಿ ಕೂರಿಸುವುದೇ? ಪೆಟ್ಟಿಗೆಯಿಂದ ಬಿಚ್ಚಿ ತಂದು ನೇರ ದೇವರ ಜಗಲಿಯ ಮೇಲೆ, ಬಸವಣ್ಣನ ಮೂರ್ತಿಗೂ ಹಿತ್ತಾಳೆಯ ದೀಪದ ಸಮೆಗೂ ನಡುವೆ ಇಟ್ಟ. ಜಗಲಿಯ ಮೇಲಿನ ಸಾಮಾನು ಒಂದೂ ಮಾಸಿರಬಾರದು, ಎಲ್ಲಾ ಝಗಝಗ ಹೊಳೆಯಬೇಕು ಎಂದು ಹೆಂಡತಿಗೆ ಅಪ್ಪಣೆ ಮಾಡಿ, ಚೆಂಡುಹೂ ತರಲು ಬಜಾರಿಗೆ ಹೋದ.

ಬಂದು ನೋಡಿದರೆ ಜಗಲಿ ಬಂಗಾರದ ಹಾಗಿತ್ತು. ಬಸವಣ್ಣ ಹೊಳೆಯುತ್ತಿದ್ದ, ಸಮೆ ಹೊಳೆಯುತ್ತಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಲೆನ್ಸು ಹೊಳೆಯುತ್ತಿತ್ತು. ಕೆಲಸ ಎಂದರೆ ಹೀಗಿರಬೇಕು ಎಂದು ಅಪರೂಪಕ್ಕೆ ಹೆಂಡತಿಯನ್ನು ಹೊಗಳಿ, ಲೆನ್ಸಿಗೆ ವಿಭೂತಿ ಹಚ್ಚಿ, ಹೂ ಏರಿಸಿ, ತೆಂಗಿನಕಾಯಿ ಒಡೆದ. ಪೂಜೆಯ ದಿನ ಆಯುಧ ಮುಟ್ಟಬಾರದು. ಅದಕ್ಕೇ ಲೆನ್ಸು ರಾತ್ರಿಯಿಡೀ ದೇವರ ಪಕ್ಕದಲ್ಲೇ ಹಾಯಾಗಿ ಕುಳಿತಿತ್ತು.

ಮರುದಿನ ವಿಜಯದಶಮಿಯ ಬೆಳಿಗ್ಗೆ ವಿಭೂತಿ ಒರೆಸಿ, ಲೆನ್ಸನ್ನು ಕಿಟಕಿಗೆ ಹಿಡಿದು ಕಣ್ಣಿಟ್ಟ. ಆಕಾಶ ಕಾಣಲಿಲ್ಲ. ಮಜ್ಜಿಗೆ ಕಂಡಿತು. ಮತ್ತೆ ಒರೆಸಿದ, ಮತ್ತೆ ಮಜ್ಜಿಗೆ. ಎರಡೂ ಕಡೆಯ ಗಾಜಿನ ತುಂಬ ಕೂದಲೆಳೆಯಂಥ ಗೀರುಗಳು ಸುತ್ತುಸುತ್ತಾಗಿ ಬಿದ್ದಿದ್ದವು. ಲೆನ್ಸು ಹಿಡಿದುಕೊಂಡೇ ಹೆಂಡತಿಯ ಹತ್ತಿರ ಓಡಿದ.

"ಉಮಾ, ಇದಕ್ಕ ಏನ ಮಾಡ್ದಿ?"

"ತಿಕ್ಕಿದೆ," ಎಂದಳು ಉಮಾಬಾಯಿ. "ಹುಣಸಿಹಣ್ಣು, ಬೂದಿ ಹಚ್ಚಿ. ಹಿತ್ತಾಳಿ ಮತ್ತ ಹ್ಯಾಂಗ ಹೊಳೀತದ್ರಿ? ಜಗಲಿ ಮ್ಯಾಲ ನಾ ಇಟ್ಟಿಲ್ಲ, ನೀವೇ ಇಟ್ಟೀರಿ."

ಮಾಡಿದ್ದುಣ್ಣೋ ಮಹರಾಯ! ಕ್ಯಾಮೆರಾದ ಲೆನ್ಸನ್ನೇ ಬಿಚ್ಚಿ ಹಿಗ್ಗಿಸುವ ಪೆಟ್ಟಿಗೆಗೆ ಹಾಕಲು ನೋಡಿದ. ಪೆಟ್ಟಿಗೆಯ ತೂತಿಗೆ ಅದು ದೊಡ್ಡದಾಯಿತು. ಮಾವನವರ ಬಸ್ಸು ಮಧ್ಯಾಹ್ನಕ್ಕೆ ಬರುವುದು. ಬೇರೆ ದಾರಿ ಇಲ್ಲದೆ ಗೀರಿದ ಲೆನ್ಸನ್ನೇ ತಿರುಗಿಸಿ ಕೂರಿಸಿ, ಬಾಗಿಲು ಮುಚ್ಚಿದ. ಹೊರಗೆ ಉಮಾಬಾಯಿ ತುಟಿ ಬಿಗಿಹಿಡಿದು ಕನ್ನಡಿ ಎತ್ತಿದಳು. ಅಂದು ಒಳಗಿನಿಂದ ಕೂಗು ಬರಲಿಲ್ಲ, ಅವಳೇ ಅಂದಾಜಿನ ಮೇಲೆ ಕನ್ನಡಿ ಹೊರಳಿಸಿದಳು.

ಔಷಧಿಯ ತಟ್ಟೆಯಲ್ಲಿ ಮುಖ ಮೂಡಿತು. ಅಂಚುಗಳು ಕರಗಿದ ಹಾಗಿದ್ದವು, ನೆರಳು ಬೆಳಕಿನೊಳಗೆ ಹೊಗೆಯಂತೆ ಹರಡಿತ್ತು. ಒಂದು ಕಲೆಯನ್ನೂ ಎಣಿಸುವಂತಿರಲಿಲ್ಲ. ತನ್ನ ಬದುಕಿನಲ್ಲಿ ಇಷ್ಟು ಕೆಟ್ಟ ಫೋಟೋ ಮಾಡಿಲ್ಲವೆಂದು ವೈಜಿನಾಥ ಅದನ್ನು ಉಪ್ಪಿನಕಾಯಿ ಜಾಡಿಯ ಹಿಂದೆ ಒಣಗಲು ಇಟ್ಟು, ಪ್ಲೇಟು ಒಡೆಯಿತೆಂದು ಹೇಳುವುದೇ ಮೇಲು ಎಂದುಕೊಂಡು ಹೊರಗೆ ಬಂದ. ಅತ್ತೆ ಮಾವ ಆಗಲೇ ಬಂದು ಕುಳಿತಿದ್ದರು. ಬನ್ನಿ ಕೊಟ್ಟು ಕಾಲು ಮುಟ್ಟಿ ಏಳುವಷ್ಟರಲ್ಲಿ ಉಮಾಬಾಯಿ ಜಾಡಿಯ ಹಿಂದಿನದನ್ನು ತಂದು ತಾಯಿಯ ಕೈಗೇ ಕೊಟ್ಟುಬಿಟ್ಟಿದ್ದಳು. ವೈಜಿನಾಥ ಕಣ್ಣು ಮುಚ್ಚಿಕೊಂಡ.

ರುಕ್ಮಿಣಿಬಾಯಿ ಫೋಟೋವನ್ನು ತುಂಬ ಹೊತ್ತು ನೋಡಿದರು. ಒಂದು ಕೈ ತಾನಾಗಿ ಕೆನ್ನೆಯ ಮೇಲೆ ಹೋಯಿತು.

"ಬ್ಯಾನಿ ಬರೂಕಿಂತ ಮದಲ ನಾ ಹಿಂಗ ಇದ್ದೆ ಅಂತ ನಮ್ಮವ್ವ ಹೇಳ್ತಿದ್ದಳು," ಎಂದರು. "ನನಗ ನೆಪ್ಪಿಲ್ಲ. ಇವತ್ತ ನೋಡ್ದೆ."

ಯಾರಿಗೂ ತೋರಿಸಬೇಡ ಎಂದಿದ್ದವರು ತಾವೇ ಅದನ್ನು ಗಂಡನ ಮುಂದೆ ಹಿಡಿದರು. ಶಂಕ್ರೆಪ್ಪನವರು ಫೋಟೋ ನೋಡಿದರು, ಹೆಂಡತಿಯನ್ನು ನೋಡಿದರು, ರುಮಾಲಿನ ಸೆರಗಿನಿಂದ ಕಣ್ಣೊರೆಸಿಕೊಂಡರು. ಉಮಾಬಾಯಿಯಂತೂ ಅಳುತ್ತಲೇ ನಗುತ್ತಿದ್ದಳು. ಇಷ್ಟು ಸಂತೋಷ ಅವಳಿಗೆ ತನ್ನ ಮದುವೆಯಲ್ಲೂ ಆಗಿರಲಿಲ್ಲ.

"ಅಳಿಯಂದ್ರ, ನಿಮ್ಮದೂ ಒಂದು ಉದ್ಯೋಗ ಅದ ಬಿಡ್ರಿ," ಎಂದರು ಶಂಕ್ರೆಪ್ಪ.

ವೈಜಿನಾಥ ಒಂದು ಕಣ್ಣು ತೆರೆದ. ಆಮೇಲೆ ಇನ್ನೊಂದು. ಆಮೇಲೆ ಎದೆ ಉಬ್ಬಿತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಈ ಜಟ್ಟಿಯ ಮೀಸೆಗೆ ಬೆಣ್ಣೆಯೇ ಹತ್ತಿತ್ತು. ಇದಕ್ಕಾಗಿ ಬಹಳ ಸಾಧನೆ ಮಾಡಬೇಕಾಯಿತು ಎಂದು ಗಂಭೀರವಾಗಿ ಹೇಳಿದ. ಉಮಾಬಾಯಿ ಹುಗ್ಗಿ ಬಡಿಸಲು ಒಳಗೆ ಹೋದಳು.

ಮುಂದೆ ಅವನನ್ನು ಹಿಡಿಯುವವರೇ ಇಲ್ಲ. ಅನಸೂಯಾಬಾಯಿ ಮತ್ತೆ ಬಂದಳು, ಈ ಸಲ ಅತ್ತೆಯನ್ನೂ ಕರೆತಂದಳು; ಫೋಟೋದಲ್ಲಿ ಇಬ್ಬರೂ ಅಕ್ಕತಂಗಿಯರಂತೆ ಬಂದರು. ಗಿರ್ದಾವರ ಸಾಹೇಬರ ಮೀಸೆ ಬುಡದಿಂದ ತುದಿಯವರೆಗೆ ಕಾಡಿಗೆಯಂತೆ ಬಂತು. ಕೊಹೀರಿನಿಂದ ಗಾಡಿ ಕಟ್ಟಿಕೊಂಡು ಬಂದವರಿದ್ದರು. ಗುಟ್ಟೇನೆಂದು ಕೇಳಿದವರಿಗೆ, ಲೆನ್ಸಿಗೆ ಒಂದು ಸಂಸ್ಕಾರ ಕೊಡಬೇಕಾಗುತ್ತದೆ, ಅದು ಹೈದರಾಬಾದಿನವರಿಗೂ ಗೊತ್ತಿಲ್ಲ ಎಂದು ಕಣ್ಣು ಅರೆಮುಚ್ಚಿ ಹೇಳುತ್ತಿದ್ದ. ಸಂಸ್ಕಾರ ಕೊಟ್ಟವಳು ಅಂಗಳದಲ್ಲಿ ಕನ್ನಡಿ ಹಿಡಿದು ನಿಂತಿರುತ್ತಿದ್ದಳು.

ಒಂದು ದಿನ ಶಂಕ್ರೆಪ್ಪನವರು ತಾಂಡೂರಿನ ಕಿಷ್ಟಪ್ಪ ಸಾಹುಕಾರರನ್ನೇ ಕರೆದುಕೊಂಡು ಬಂದರು. ಸಾಹುಕಾರರು ಕುಳಿತು, ಗಂಟು ಬಿಚ್ಚಿ, ಒಂದು ಹಿಡಿ ತೊಗರಿ ಮುಂದಿಟ್ಟರು. ಶಂಕ್ರೆಪ್ಪನವರ ಕಾಳಿಗೆ ತೆಗೆದಂತೆ ತಮ್ಮ ಕಾಳಿಗೂ ಒಂದು ದೊಡ್ಡ ಫೋಟೋ ಬೇಕು, ಆದರೆ ಈಗಿನ ಹೊಸ ಪದ್ಧತಿಯಲ್ಲಿ ತೆಗೆಯಬೇಕು ಎಂದು ಸಂಕೋಚದಿಂದ ಹೇಳಿದರು. ದಸರೆ ದಾಟಿದರೇನು, ತನ್ನ ಹೆಸರು ತಾಂಡೂರು ಮುಟ್ಟಿತಲ್ಲ ಎಂದು ವೈಜಿನಾಥನ ಕಿವಿ ಕೆಂಪಾದವು. ಮಾವನವರು ಪಕ್ಕದಲ್ಲಿ ಮೀಸೆ ತಿರುವುತ್ತಾ, ನಮ್ಮ ಅಳಿಯ ಎಂದು ಎರಡು ಸಲ ಅಂದರು. ವೈಜಿನಾಥ ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡು, ತಾನು ಲೆನ್ಸಿಗೆ ಕೊಟ್ಟ ಸಂಸ್ಕಾರದ ಬಗ್ಗೆ, ಅದಕ್ಕೆ ಬೇಕಾದ ಏಕಾಗ್ರತೆಯ ಬಗ್ಗೆ, ಜರ್ಮನಿಯವರಿಗೂ ಹೊಳೆಯದ ಅದರ ಸೂಕ್ಷ್ಮದ ಬಗ್ಗೆ ಭಾಷಣ ಶುರು ಮಾಡಿದ.

ಆಗ ಉಮಾಬಾಯಿ ಚಹಾ ತಂದಳು. ಲೋಟ ಕೊಡುತ್ತ ಮುಂದಿದ್ದ ಕಾಳುಗಳನ್ನು ಕಂಡಳು. ತೊಗರಿ ವ್ಯಾಪಾರಿಯ ಮಗಳು, ನಾಲ್ಕು ಕಾಳು ಅಂಗೈಗೆ ಹಾಕಿಕೊಂಡು ಒಮ್ಮೆ ಊದಿ ನೋಡಿದಳು. ಆಮೇಲೆ ಸಾಹುಕಾರರ ಎದುರೇ, ತಂದೆಯ ಎದುರೇ, ಯಾವ ಕಪಟವೂ ಇಲ್ಲದೆ ಗಂಡನನ್ನು ಕೇಳಿದಳು.

"ಇವಕ್ಕ ಹುಳ ಭಾಳ ಹತ್ಯಾವ್ರಿ. ಲೆನ್ಸಿಗಿ ಇನ್ನೊಮ್ಮಿ ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕಿಕೊಡ್ಲೇನು?"