ಇಳಿಯದ ಬಡ್ತಿ ಪತ್ರ

ಚೀಟಿ ಗುಮಾಸ್ತರು ಆ ದಿನ ಮಾಡಿದ ಮೊದಲ ತಪ್ಪೆಂದರೆ, ಬೆಳಗ್ಗೆ ಹತ್ತೂಕಾಲಿಗೆ ಬಂದ ಸಂತೋಷದ ಸುದ್ದಿಯನ್ನು ಗಟ್ಟಿಯಾಗಿ ಓದಿಕೊಂಡದ್ದು.

ಅದೊಂದು ಬೀಗ ತಯಾರಿಸುವ ಕಂಪನಿ. ಪ್ರತಿ ಬೀಗದ ಜೊತೆ ಡಬ್ಬಿಯಲ್ಲಿಡುವ ಸೂಚನೆಯ ಚೀಟಿ ಬರೆಯುವುದು ಇವರ ಕೆಲಸ. ‘ಕೀಲಿಯನ್ನು ಬಲಕ್ಕೆ ತಿರುಗಿಸಿ’ ಎಂಬ ಒಂದೇ ಮಾತನ್ನು ನೂರು ಬಗೆಯಲ್ಲಿ ಬರೆದು ಪಳಗಿದ ಕೈ. ಆದರೆ ಅವರ ಮೇಜು ಮಾತ್ರ ಹನ್ನೊಂದು ವರ್ಷದಿಂದ ಶೌಚಾಲಯದ ಬಾಗಿಲಿಗೆ ಅಂಟಿಕೊಂಡೇ ಇತ್ತು. ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: “ಒಳಗೆ ಯಾರಾದ್ರೂ ಇದ್ದಾರಾ?” ದಿನಕ್ಕೆ ನಲವತ್ತು ಸಲ. ಒಮ್ಮೆ ಮನೆಯಲ್ಲಿ ಮಧ್ಯಾಹ್ನದ ನಿದ್ದೆಗೆ ಜಾರಿದ್ದಾಗ ಹೆಂಡತಿ ಕದ ತಟ್ಟಿದರೆ, ಕಣ್ಣು ಬಿಡದೆಯೇ “ಇದ್ದಾರೆ, ಐದು ನಿಮಿಷ” ಎಂದಿದ್ದರಂತೆ.

ಈಗ ಪ್ರಧಾನ ಕಚೇರಿಯಿಂದ ಬಂದ ಮೇಲ್‌ನಲ್ಲಿ ಅವರಿಗೆ ಹಿರಿಯ ಗುಮಾಸ್ತರಾಗಿ ಬಡ್ತಿ ಎಂದಿತ್ತು. ಕಿಟಕಿ ಇರುವ ಪ್ರತ್ಯೇಕ ಕೋಣೆ. ಜೊತೆಗಿರುವ ಒಪ್ಪಿಗೆ ಪತ್ರವನ್ನು ಇಳಿಸಿಕೊಂಡು, ಸಹಿ ಹಾಕಿ, ನಾಲ್ಕು ಗಂಟೆಯೊಳಗೆ ಕಳಿಸಬೇಕು. ತಪ್ಪಿದರೆ ಬಡ್ತಿ ಬೇರೆಯವರ ಪಾಲು.

ಪತ್ರದ ಮೇಲೆ ಒತ್ತಿದರು. ಪತ್ರ ಬರಲಿಲ್ಲ, ಪರದೆ ತುಂಬ ಒಂದು ಕೆಂಪು ಹಲಗೆ ಬಂತು. ‘ಈ ಜಾಲದಲ್ಲಿ ಯಾವುದೇ ಫೈಲ್ ಡೌನ್‌ಲೋಡ್ ಮಾಡುವುದನ್ನು ನಿಷೇಧಿಸಲಾಗಿದೆ.’

ಇದು ಹೋದ ತಿಂಗಳು ಬಂದ ಕಾನೂನು. ಗೋದಾಮಿನ ಯಾರೋ ಬೋಳುತಲೆಯವರು ಕೂದಲು ಬೆಳೆಸುವ ಉಪಾಯವೊಂದನ್ನು ಇಳಿಸಿಕೊಳ್ಳಲು ಹೋಗಿ, ಕಂಪನಿಯ ಅಷ್ಟೂ ಕಂಪ್ಯೂಟರುಗಳು ಮೂರು ದಿನ ಜ್ವರ ಬಂದವರಂತೆ ಮಲಗಿದ್ದವು. ಕೂದಲೂ ಬೆಳೆದಿರಲಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ಯುವ ಹಾಗೆ, ಮರುದಿನದಿಂದಲೇ ಎಲ್ಲರ ಬ್ರೌಸರಿಗೂ ಬೀಗ ಬಿತ್ತು. ನೋಡಬಹುದು, ಮುಟ್ಟುವ ಹಾಗಿಲ್ಲ. ಮಿಠಾಯಿ ಅಂಗಡಿಯ ಗಾಜಿಗೆ ಮೂಗು ಒತ್ತಿ ನಿಂತ ಮಕ್ಕಳ ಪಾಡು.

ಗಟ್ಟಿಯಾಗಿ ಓದಿದ್ದು ಪಕ್ಕದ ಮೇಜಿನ, ರವಾನೆ ವಿಭಾಗದ ಅಕ್ಕನ ಕಿವಿಗೆ ಬಿತ್ತು. ಈ ಅಕ್ಕನ ಬಾಯಿಗೆ ಬೀಗ ಹಾಕುವಂಥದ್ದನ್ನು ಆ ಕಂಪನಿ ಇನ್ನೂ ತಯಾರಿಸಿರಲಿಲ್ಲ. ಬೀಗದ ವಿಷಯದಲ್ಲಿ ಆಕೆಯ ಮಾತಿಗೆ ತೂಕವೂ ಇತ್ತು. ಹೊಸ ಬೀಗವನ್ನು ಮಾರಾಟಕ್ಕೆ ಬಿಡುವ ಮೊದಲು, ಯಾರಿಗೂ ಹೇಳದೆ, ಜನಕ್ಕೆ ತೀರಾ ಬೇಕಾದ ಒಂದು ಬಾಗಿಲಿಗೆ ಹಾಕಿಬಿಡುವುದು ಅಲ್ಲಿಯ ಹಳೆಯ ಪದ್ಧತಿ. ಕಳ್ಳನಿಗಿಂತ ಅವಸರದವನೇ ಚುರುಕು ಎಂಬುದು ಕಂಪನಿ ಕಟ್ಟಿದ ಹಿರಿಯರ ನಂಬಿಕೆ. ಹಾಗೆ ಒಮ್ಮೆ ಶೌಚಾಲಯಕ್ಕೇ ಬೀಗ ಬಿದ್ದಾಗ, ಅಕ್ಕ ತಲೆಯ ಪಿನ್ನಿನಿಂದ ನಾಲ್ಕೇ ನಿಮಿಷದಲ್ಲಿ ತೆರೆದಿದ್ದರು. ತೆರೆದವರಿಗೆ ಬಹುಮಾನ ಕೊಡುವುದೂ ಪದ್ಧತಿ. ಆಕೆಗೆ ಸಿಕ್ಕ ಗೋಡೆ ಗಡಿಯಾರ ಈಗಲೂ ಅಲ್ಲೇ ಟಿಕ್ ಟಿಕ್ ಅನ್ನುತ್ತಿತ್ತು.

ಹತ್ತೂವರೆಗೆ ಕಚೇರಿಗೆಲ್ಲ ಸುದ್ದಿ ಮುಟ್ಟಿತು. ಹತ್ತೂಮುಕ್ಕಾಲಿಗೆ ಅಕ್ಕ ಗುಮಾಸ್ತರ ಹೆಂಡತಿಗೆ ಫೋನು ಮಾಡಿದ್ದೂ ಆಯಿತು. ಹನ್ನೊಂದಕ್ಕೆ ಹೆಂಡತಿ ಗಂಡನಿಗೆ ಫೋನು ಮಾಡಿ ಕೇಳಿದ್ದು ಒಂದೇ ಮಾತು.

“ರೀ, ಕಿಟಕಿ ಎಷ್ಟು ಅಗಲ?”

“ಇನ್ನೂ ಪತ್ರಾನೇ ಇಳಿದಿಲ್ಲ ಕಣೇ.”

“ಇಳಿಯುತ್ತೆ ಬಿಡಿ. ನಾನು ಪರದೆ ಬಟ್ಟೆ ಕತ್ತರಿಸಿ ಆಯ್ತು. ಹಸಿರು ಹೂವಿಂದು. ನನ್ನ ತಂಗಿಗೂ ಹೇಳಿದೀನಿ, ಅವಳ ಗಂಡ ಬಾಯಿ ಮುಚ್ಕೊಂಡನಂತೆ.”

ಷಡ್ಡಕ ಬಾಯಿ ಮುಚ್ಚಿದ್ದು ಮದುವೆಯಾದ ಮೇಲೆ ಅದೇ ಮೊದಲು. ಇನ್ನು ಹಿಂದೆ ಸರಿಯುವ ಮಾತೇ ಇರಲಿಲ್ಲ. ಗುಮಾಸ್ತರು ಮೆಟ್ಟಿಲು ಹತ್ತಿ ಕಂಪ್ಯೂಟರ್ ವಿಭಾಗಕ್ಕೆ ನಡೆದರು.

ಅಲ್ಲಿ ಕೂತಿದ್ದ ತರುಣನನ್ನು ಎಲ್ಲರೂ ದ್ವಾರಪಾಲಕ ಎಂದೇ ಕರೆಯುತ್ತಿದ್ದರು. ಯಾರ ಫೈಲು ಇಳಿಯಬೇಕು, ಯಾರದು ಇಳಿಯಬಾರದು ಎಂಬುದೆಲ್ಲ ಅವನ ಒಂದು ಗುಂಡಿಯಲ್ಲಿತ್ತು. ಇಡೀ ಕಟ್ಟಡದಲ್ಲಿ ಬೀಗವಿಲ್ಲದ ಕಂಪ್ಯೂಟರ್ ಅವನದೊಂದೇ. ಅನುಮತಿ ಬೇಕಾದರೆ ಅರ್ಜಿ ನಮೂನೆ ತುಂಬಬೇಕು ಸಾರ್, ಅಂದ. ನಮೂನೆ ಎಲ್ಲಿದೆ ಅಂದರೆ, ಕಂಪನಿಯ ಜಾಲತಾಣದಲ್ಲಿದೆ, ಡೌನ್‌ಲೋಡ್ ಮಾಡಿಕೊಳ್ಳಿ ಅಂದ. ಅಂದವನ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

“ಅಲ್ಲ ತಮ್ಮಾ, ಡೌನ್‌ಲೋಡ್ ಆಗೋ ಹಾಗಿದ್ರೆ ಈ ನಮೂನೆ ನನಗೆ ಯಾಕಪ್ಪಾ ಬೇಕು?”

“ಅದು ನಿಯಮ ಬರೆದೋರನ್ನ ಕೇಳಬೇಕು ಸಾರ್.”

“ಬರೆದೋರು ಯಾರು?”

“ನಾನೇ. ಆದ್ರೆ ಈಗ ಕೇಳೋ ಹಾಗಿಲ್ಲ, ಕೆಲಸದಲ್ಲಿದೀನಿ.”

ಗುಮಾಸ್ತರು ಸೋಲಲಿಲ್ಲ. ಇಳಿಸಲಾಗದಿದ್ದರೇನು, ನೋಡಬಹುದಲ್ಲ. ಮೇಜಿಗೆ ಬಂದು, ಪರದೆ ನೋಡುತ್ತಾ, ಅಡಿಕೋಲು ಹಿಡಿದು ಆ ನಮೂನೆಯನ್ನು ಗೆರೆಗೆ ಗೆರೆ ನಕಲು ಬರೆದರು. ಕಂಪನಿಯ ಲಾಂಛನದ ಬೀಗವನ್ನೂ ಬಿಡಿಸಿದರು. ನಡುವೆ ಹದಿನಾಲ್ಕು ಜನಕ್ಕೆ ಶೌಚಾಲಯದ ಸ್ಥಿತಿಗತಿ ತಿಳಿಸಿದರು. ಒಂದೂವರೆಗೆ ಮುಗಿಯಿತು. ದ್ವಾರಪಾಲಕ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ಇದರಲ್ಲಿ ತಪ್ಪೇನೂ ಇಲ್ಲ, ಮ್ಯಾನೇಜರ್ ಸಾಹೇಬರ ಸಹಿ ಮಾತ್ರ ಇಲ್ಲ ಅಂದ.

ಸಾಹೇಬರು ಊಟ ಮುಗಿಸಿ ಬರುವಾಗ ಎರಡೂಮುಕ್ಕಾಲು. ಹಾವು ಕಂಡವರಂತೆ ಅರ್ಜಿ ಕಂಡು ಕುರ್ಚಿ ಹಿಂದೆ ಸರಿಸಿದರು. ನಾನು ಸಹಿ ಹಾಕಿ ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಯಾರ ತಲೆಗೆ ಬರುತ್ತದೆ ಎಂದು ಕೇಳಿದರು. ಆಮೇಲೆ ಪೆನ್ನು ಬೆರಳಲ್ಲಿ ತಿರುಗಿಸುತ್ತಾ ದನಿ ತಗ್ಗಿಸಿದರು.

“ಬಾಗಿಲು ತೆಗೆದ್ರೆ ನಿಮಗೊಬ್ಬರಿಗೇ ತೆಗೆಯುತ್ತೇನ್ರೀ, ಎಲ್ಲರಿಗೂ ತೆಗೆಯುತ್ತಾ?”

ಗೊತ್ತಿಲ್ಲ ಸಾರ್, ಅಂದರು ಗುಮಾಸ್ತರು.

“ನಂದೂ ಒಂದು ಸಣ್ಣದು ಇತ್ತು. ಕೊಲೆಸ್ಟ್ರಾಲ್ ಪರೀಕ್ಷೆ ವರದಿ. ಮೂರು ವಾರ ಆಯ್ತು, ನನ್ನ ರಕ್ತದಲ್ಲಿ ಏನಿದೆ ಅಂತ ನನಗೇ ಗೊತ್ತಿಲ್ಲ. ಅರ್ಧ ಗಂಟೆ ಎಲ್ಲರಿಗೂ ತೆಗೆಯೋಕೆ ಹೇಳಿ. ಯಾರಿಗೂ ಹೇಳ್ಬೇಡಿ.”

ಸಾಹೇಬರ ಕೋಣೆಯ ಗೋಡೆ ಹಲಗೆಯದು. ಆಚೆಗೆ ಅಕ್ಕ ಇದ್ದರು. ಸಹಿಯ ಶಾಯಿ ಆರುವ ಮೊದಲೇ ಕಚೇರಿಯ ಒಬ್ಬೊಬ್ಬರೂ ತಮ್ಮ ಕಂಪ್ಯೂಟರ್ ಮುಂದೆ ಓಟದ ಗೆರೆಯ ಮೇಲೆ ನಿಂತವರಂತೆ ಬೆರಳು ಚಾಚಿ ಕೂತಿದ್ದರು. ಮೂರೂವರೆಗೆ ದ್ವಾರಪಾಲಕ ಗುಂಡಿ ಒತ್ತಿದ.

ಕಟ್ಟೆ ಒಡೆಯಿತು. ಒಂದು ತಿಂಗಳ ಹಸಿವು ಅರ್ಧ ಗಂಟೆಯಲ್ಲಿ ತೀರಬೇಕಿತ್ತು. ಅಕ್ಕ ಸ್ವೆಟರಿನ ಅರವತ್ತು ಮಾದರಿಗಳನ್ನು ಇಳಿಸತೊಡಗಿದರು. ಗೋದಾಮಿನ ಬೋಳುತಲೆಯವರು ಕೂದಲಿನ ಎರಡನೆಯ ಭಾಗಕ್ಕೆ ಕೈಹಾಕಿದರು. ಸಾಹೇಬರು ರಕ್ತದ ವರದಿಯ ಜೊತೆ ನಾದಿನಿಯ ಮದುವೆಯ ನಾಲ್ಕುನೂರು ಫೋಟೋಗಳನ್ನೂ ಸೇರಿಸಿದ್ದರು. ದ್ವಾರಪಾಲಕ, ತನ್ನ ಕಂಪ್ಯೂಟರಿಗೆ ಎಂದೂ ಬೀಗವಿಲ್ಲದಿದ್ದರೂ, ಗುಂಪಿನಲ್ಲಿ ಗೋವಿಂದ ಎಂದು ಒಂದು ಇಡೀ ಸಿನಿಮಾ ಇಳಿಸುತ್ತಿದ್ದ. ಇವರೆಲ್ಲರ ನಡುವೆ, ಯಾರಿಗಾಗಿ ಬಾಗಿಲು ತೆರೆದಿತ್ತೋ ಆ ಗುಮಾಸ್ತರ ಒಂದೇ ಪುಟದ ಪತ್ರ, ಜಾತ್ರೆಯ ನೂಕುನುಗ್ಗಲಲ್ಲಿ ಸಿಕ್ಕಿದ ಬಸುರಿಯಂತೆ ಹೆಜ್ಜೆ ಹೆಜ್ಜೆಗೂ ನಿಂತು ಬರುತ್ತಿತ್ತು. ಶೇಕಡ ಮೂರು. ಏಳು. ಮತ್ತೆ ಏಳು. ಗುಮಾಸ್ತರು ಪರದೆಯಿಂದ ಕಣ್ಣು ಕೀಳಲಿಲ್ಲ. ಯಾರೋ ಬಂದು ಒಳಗೆ ಯಾರಾದರೂ ಇದ್ದಾರಾ ಎಂದು ಕೇಳಿದರೆ “ಶೇಕಡ ನಲವತ್ತು” ಅಂದರು.

ಗೋಡೆ ಗಡಿಯಾರ ನಾಲ್ಕಕ್ಕೆ ಮೂರು ನಿಮಿಷ ತೋರಿಸುವಾಗ ಪತ್ರ ಪೂರ್ತಿ ಇಳಿಯಿತು. ಹಿಂದೆ ಇಡೀ ಕಚೇರಿ ಕತ್ತು ಚಾಚಿ ನಿಂತಿತು. ತೆರೆದರು.

‘ಅಭಿನಂದನೆ. ಇದು ಬಡ್ತಿ ಪತ್ರವಲ್ಲ. ನಮ್ಮ ಜಾಲದ ಹೊಸ ಬೀಗ ಎಷ್ಟು ಭದ್ರ ಎಂದು ತಿಳಿಯಲು ಕಂಪನಿಯ ಪದ್ಧತಿಯಂತೆ ನಡೆಸಿದ ಪರೀಕ್ಷೆ. ಬಡ್ತಿ ತೀರಾ ಬೇಕಾದ ನೌಕರರೆಂದು ನಿಮ್ಮನ್ನು ಆರಿಸಲಾಗಿತ್ತು. ಪರೀಕ್ಷೆಯಲ್ಲಿ ಬೀಗ ಒಂದು ದಿನವೂ ನಿಲ್ಲಲಿಲ್ಲ. ಈ ಹೊತ್ತಿನಲ್ಲಿ ಇಳಿಸಿದ ಎಲ್ಲರ ಫೈಲುಗಳ ಪಟ್ಟಿ ಪ್ರಧಾನ ಕಚೇರಿಗೆ ತಲುಪಿದೆ.’

ಸಾಹೇಬರು, ತಮಗೆ ಮೊದಲೇ ಅನುಮಾನವಿತ್ತು, ಪರೀಕ್ಷೆಗೆ ಸಹಕರಿಸಲೆಂದೇ ಸಹಿ ಹಾಕಿದ್ದು ಎಂದು ಹೇಳಿ ಒಳಗೆ ಹೋದರು. ಅವರ ಕೊಲೆಸ್ಟ್ರಾಲ್ ಈಗ ಪ್ರಧಾನ ಕಚೇರಿಗೂ ಗೊತ್ತಿತ್ತು. ಬಾಕಿಯವರು ಗುಮಾಸ್ತರನ್ನು ಬೋನಿಗೆ ಬಿದ್ದ ಇಲಿಯನ್ನು ನೋಡುವ ಹಾಗೆ ನೋಡಿ ಚದುರಿದರು. ಹೊರಟವರಲ್ಲಿ ಅಕ್ಕ ಒಬ್ಬರೇ ನಿಂತು ಭುಜ ತಟ್ಟಿದರು.

“ಹೋಗ್ಲಿ ಬಿಡಿ ಅಣ್ಣಾ. ಇನ್ಮೇಲೆ ಸಿಹಿ ಸುದ್ದಿ ಅಂತ ಬಂದದ್ದು ಯಾವುದನ್ನೂ ಮುಟ್ಟಬೇಡಿ. ಸಿಹಿ ಇದ್ದಲ್ಲೇ ಇರುವೆ.”

ನಾಲ್ಕೂವರೆಗೆ ಮತ್ತೊಂದು ಮೇಲ್ ಬಂತು. ಬೀಗ ತೆರೆದವರಿಗೆ ಬಹುಮಾನ ಕೊಡುವ ಹಳೆಯ ಪದ್ಧತಿಯಂತೆ ಆಡಳಿತ ಮಂಡಳಿ ಸಂತೋಷದಿಂದ ಬಡ್ತಿ ನೀಡಿದೆ. ಕಿಟಕಿ ಇರುವ ಕೋಣೆ. ಜೊತೆಗಿರುವ ಪತ್ರವನ್ನು ಇಳಿಸಿಕೊಂಡು ಐದರೊಳಗೆ ಸಹಿ ಹಾಕಿ ಕಳಿಸಿ.

ಗುಮಾಸ್ತರು ಆ ದಿನ ಮೊದಲ ಸಲ ನಕ್ಕರು. ಒಂದೇ ಬಾವಿಗೆ ಎರಡು ಸಲ ಬೀಳುವಷ್ಟು ಕುರುಡರೇ ಅವರು? ಅಕ್ಕನನ್ನು ಕರೆದು ತೋರಿಸಿದರು. ಅಕ್ಕ ಓದಿ, ಇದೂ ಗಾಳವೇ, ಅದೇ ಹುಳ ಅಂದರು. ಇಬ್ಬರೂ ಕೂಡಿ ‘ಮೋಸದ ಮೇಲ್’ ಎಂಬ ಗುಂಡಿ ಒತ್ತಿ ದೂರು ಕಳಿಸಿ, ಅದನ್ನು ಅಳಿಸಿದರು. ಎದೆ ಹಗುರಾಯಿತು. ಬಡ್ತಿ ಹೋದರೂ ಬುದ್ಧಿ ಬಂತಲ್ಲ.

ಐದೂಕಾಲಿಗೆ ಪ್ರಧಾನ ಕಚೇರಿಯಿಂದ ಫೋನು ಬಂತು. ತುಂಬ ವಿನಯದ ದನಿ. ಮೋಸದ ಮೇಲ್ ಎಂದು ದೂರು ಕಳಿಸಿದ್ದು ನೀವೇ ತಾನೆ ಎಂದು ಕೇಳಿತು.

“ನಾನೇ ಸಾರ್,” ಅಂದರು ಗುಮಾಸ್ತರು ಎದ್ದು ನಿಂತು. “ಎರಡನೇ ಪರೀಕ್ಷೇಲಿ ಪಾಸಾದ್ನಾ?”

“ಪರೀಕ್ಷೆ ಒಂದೇ ಇದ್ದದ್ದು. ಎರಡನೇದು ನಿಜವಾದದ್ದು. ನಿಮ್ಮ ಒಪ್ಪಿಗೆ ಬರಲಿಲ್ಲವಲ್ಲ, ಬೀಗ ತೆರೆಯೋದರಲ್ಲಿ ಜೊತೆಗಿದ್ದ ಇನ್ನೊಬ್ಬರಿಗೆ ಕಳಿಸಿದ್ವಿ. ಅವರು ಎರಡೇ ನಿಮಿಷದಲ್ಲಿ ಡೌನ್‌ಲೋಡ್ ಮಾಡಿ ಸಹಿ ಹಾಕಿ ಕಳಿಸಿದ್ರು.”

ಬೀಗ ಮತ್ತೆ ಬಿದ್ದ ಮೇಲೆ ಡೌನ್‌ಲೋಡ್ ಮಾಡಬಲ್ಲವನು ಕಟ್ಟಡದಲ್ಲಿ ಒಬ್ಬನೇ ಇದ್ದ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಹೆಂಡತಿಗೆ ಹೇಗೋ ಹೇಳಿದರು. ಆಕೆ, ಕತ್ತರಿಸಿದ ಬಟ್ಟೆಯನ್ನು ಅಂಗಡಿಯವನು ವಾಪಸ್ ತಗೊಳ್ಳಲ್ಲ, ನಿಮ್ಮ ಮೇಜಿಗೂ ಆ ಬಾಗಿಲಿಗೂ ನಡುವೆ ಕಟ್ಟಿಕೊಳ್ಳಿ ಅಂದಳು.

ಫೋನಿಟ್ಟು ತಲೆಯೆತ್ತಿದರೆ, ದ್ವಾರಪಾಲಕ ತನ್ನ ಸಾಮಾನಿನ ಪೆಟ್ಟಿಗೆ ಹೊತ್ತು ಕಿಟಕಿಯ ಕೋಣೆಗೆ ಹೊರಟಿದ್ದ. ಅರ್ಧ ದಾರಿಯಲ್ಲಿ ನಿಂತ. ಪೆಟ್ಟಿಗೆಯನ್ನು ಗುಮಾಸ್ತರ ಮೇಜಿನ ಮೇಲಿಟ್ಟ.

“ಏನ್ರೀ, ಒಳಗೆ ಯಾರಾದ್ರೂ ಇದ್ದಾರಾ?”

“ಇಲ್ಲ ಸಾರ್,” ಅಂದರು ಚೀಟಿ ಗುಮಾಸ್ತರು. “ಬಾಗಿಲು ತೆರೆದೇ ಇದೆ.”