ನನ್ನ ಮುಖದ ಸುಲಿಗೆ

ಯಾವ ವಿಷಯವೇ ಆಗಲಿ, ಒಮ್ಮೆ ಕಿವಿಗೆ ಬಿದ್ದರೆ ಸಾಕು, ಬುಡಸಮೇತ ತಿಳಿದುಕೊಂಡುಬಿಡುವ ಶಕ್ತಿ ನನಗಿದೆ ಎಂದು ನಾನು ಬಹಳ ಕಾಲ ನಂಬಿದ್ದೆ. ನಂಬಿದ್ದೆ ಏನು, ಕಚೇರಿಯಲ್ಲಿ ಸಾರಿಯೂ ಇದ್ದೆ! ಆ ಧೈರ್ಯದ ಮೇಲೆಯೇ ಒಂದು ಸಂಜೆ ನನ್ನ ಹೆಂಡತಿ ರತ್ನವ್ವನ ಮುಂದೆ ಎದೆಯುಬ್ಬಿಸಿ ನಿಂತು ಘೋಷಿಸಿದೆ:

"ಇನ್ನೊಂದು ವಾರ ತಡಿ. ನನ್ನ ಮುಖಾ ಹೆಂಗ ಆಗ್ತೈತಿ ನೋಡು! ಹುಬ್ಬಳ್ಳಿ-ಧಾರವಾಡದಾಗ ಇಂಥಾ ನುಣುಪು ಮುಖಾ ಹುಡುಕಿದ್ರೂ ಸಿಗಬಾರ್ದು!"

ರತ್ನವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ಜೋಳಾ ಹಸನ ಮಾಡೂದು ಕೇಳೇನಿ. ಮುಖಾ ಹಸನ ಮಾಡೂದು ಇವತ್ತ ಕೇಳಿದ್ನಿ."

ಇದಕ್ಕೆಲ್ಲ ಕಾರಣ ನಮ್ಮ ಕಚೇರಿಯ ಗ್ರೂಪ್ ಫೋಟೋ. ಹರೆಯದ ಮೊಡವೆಗಳು ಬಿಟ್ಟುಹೋದ ಕಲೆಗಳಿಂದ ನನ್ನ ಕೆನ್ನೆಗಳು ಹೊಸದಾಗಿ ಕುಟ್ಟಿಸಿದ ಬೀಸುವ ಕಲ್ಲಿನಂತಿದ್ದವು. ಅದನ್ನು ಈ ನಲವತ್ತರ ಹೊತ್ತಿಗೆ ನಾನು ಮರೆತೂ ಬಿಟ್ಟಿದ್ದೆ. ಆದರೆ ಫೋಟೋ ಕೊಡಲು ಬಂದ ಸ್ಟುಡಿಯೋದ ಕಮರುದ್ದೀನ, ಇಡೀ ಕಚೇರಿ ಕೇಳುವಂತೆ ಹೇಳಿದ: "ಮಡಿವಾಳಪ್ಪ ಸಾಹೇಬ್ರ, ಎಲ್ಲಾರ ಮುಖದ ಕಲಿ ತಿದ್ದಿ ರಿಟಚ್ ಮಾಡಾಕ ಕೂಡಿ ಒಂದು ಪೆನ್ಸಿಲ್ ಹತ್ತೇತ್ರಿ. ನಿಮ್ಮ ಒಬ್ಬರ ಮುಖಕ್ಕ ಇನ್ನೊಂದು ಹತ್ತೇತ್ರಿ!"

ಜವಾನನಿಂದ ಹಿಡಿದು ದೊಡ್ಡ ಸಾಹೇಬರವರೆಗೆ ಎಲ್ಲರೂ ನಕ್ಕರು. ಅವತ್ತೇ ನಾನು ಪ್ರತಿಜ್ಞೆ ಮಾಡಿದೆ. ಪೆನ್ಸಿಲ್ಲಿನ ಹಂಗು ಇನ್ನು ಸಾಕು!

ಮುಂಬೈಯಿಂದ ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಬಂದು, ತಮ್ಮ ಅಣ್ಣನ ದವಾಖಾನೆಯಲ್ಲಿ ಎರಡು ದಿನ ಕೂಡುವ ಚರ್ಮದ ಡಾಕ್ಟರಬಾಯಿ ಒಬ್ಬರಿದ್ದರು. ಅವರು 'ಪೀಲಿಂಗ್' ಎಂಬುದೊಂದು ಚಿಕಿತ್ಸೆ ಮಾಡುತ್ತಾರೆ, ಮುಖ ಬೆಣ್ಣೆಯಂತಾಗುತ್ತದೆ ಎಂದು ಯಾರೋ ಹೇಳಿದ್ದರು. ರತ್ನವ್ವನಿಗೆ ಹೇಳಿದೆ.

"ಫೀಲಿಂಗಾ? ಈ ವಯಸ್ಸಿನ್ಯಾಗ ಎಂಥಾ ಫೀಲಿಂಗ್ ರೀ?"

"ಫೀಲಿಂಗ್ ಅಲ್ಲ, ಪೀಲಿಂಗ್! ಅಂದ್ರ ಸುಲಿಯೂದು!"

"ಡಾಕ್ಟರ್ ಮಂದಿ ಸುಲಿತಾರ ಅಂತ ಕೇಳಿದ್ನಿ. ಹಿಂಗ ಬೋರ್ಡ್ ಹಾಕ್ಕೊಂಡ ಸುಲಿತಾರ ಅಂತ ಗೊತ್ತಿರಲಿಲ್ಲ."

ಡಾಕ್ಟರಬಾಯಿ ಸಣ್ಣ ಕನ್ನಡಕದ, ನಿಧಾನ ಮಾತಿನ ಹೆಂಗಸು. ನನ್ನನ್ನು ಕೂಡಿಸಿಕೊಂಡು ಬಿಡಿಸಿ ಹೇಳಿದರು: "ಚರ್ಮ ಅಂದ್ರ ಒಂದ ಹಾಳಿ ಅಲ್ರಿ, ಪದರ ಪದರ ಇರ್ತದ. ಎಲ್ಲಾಕ್ಕಿಂತ ಮ್ಯಾಲಿಂದು ಸತ್ತ ಪದರ. ಔಷಧ ಹಚ್ಚಿ ಅದನ್ನ ಸಡಿಲ ಮಾಡ್ತೀವಿ. ಅದು ತಾನ ಉದುರತದ, ಕೆಳಗಿನ ಹೊಸಾ ಚರ್ಮ ಮ್ಯಾಲೆ ಬರ್ತದ. ಮುಖಾ ನುಣುಪಾಗ್ತದ. ಆದ್ರ ಆಳ ಇದ್ದ ಗುಂಡಿ ಪೂರಾ ಹೋಗೂದಿಲ್ಲ, ಮೊದಲ ಹೇಳಿರ್ತೀನಿ."

"ತಿಳೀತ್ರಿ!" ಎಂದೆ.

"ಮೊದಲ ಕೆಂಪಾಗ್ತದ. ಆಮ್ಯಾಲೆ ಕಪ್ಪಾಗಿ ಬಿಗೀತದ. ಆಮ್ಯಾಲೆ ಸಿಪ್ಪಿ ಏಳ್ತದ. ಕೆರೀಬಾರದು, ಕಿತ್ತಬಾರದು, ಬಿಸಲಿಗೆ ಹೋಗಬಾರದು."

"ತಿಳೀತ್ರಿ!"

"ಮನ್ಯಾಗ, ಓಣ್ಯಾಗ ಮೊದಲ ಹೇಳಿ ಇಡ್ರಿ. ನೋಡಿದವರು ಅಂಜತಾರ."

"ತಿಳೀತಂದ್ನೆಲ್ಲರೀ!" ಎಂದೆ. ಈ ಕೊನೆಯ ಮಾತು ಮಾತ್ರ ಒಂದು ಕಿವಿಯಿಂದ ಬಂದು ಇನ್ನೊಂದರಿಂದ ಹೊರಟುಹೋಯಿತು. ಮೊದಲೇ ಹೇಳಿಬಿಟ್ಟರೆ ಓಣಿ ಬೆರಗಾಗುವುದು ಯಾವಾಗ?

ಹಿಂದಿನ ದಿನ ಕಿವಿಯ ಹಿಂದೆ ಚೂರು ಔಷಧ ಹಚ್ಚಿ ಪರೀಕ್ಷೆ ಮಾಡಿದ್ದರು. ಈಗ ಮುಖವನ್ನು ಸ್ಪಿರಿಟ್ಟಿನಿಂದ ಒರೆಸಿ, ಅರಳೆಯಿಂದ ಔಷಧ ಹಚ್ಚಿದರು. ಅಬ್ಬಾ! ಕೆಂಪು ಮೆಣಸಿನಕಾಯಿಯ ಚಟ್ನಿಯನ್ನು ಬಾಯಿಗಲ್ಲದೆ ಕೆನ್ನೆಗೆ ತಿನ್ನಿಸಿದಂತೆ! ನರ್ಸ್ ಬೀಸಣಿಕೆಯಿಂದ ಗಾಳಿ ಹಾಕುತ್ತಿದ್ದಳು. ನಾನು ಗಂಡಸು, ಆದ್ದರಿಂದ ಮೆಲ್ಲಗೆ ಚೀರಿದೆ.

ಕಚೇರಿಗೆ 'ಜ್ವರ' ಎಂದು ರಜೆ ಚೀಟಿ ಕಳಿಸಿ ಮನೆ ಸೇರಿದೆ. ರತ್ನವ್ವನಿಂದ ಗಟ್ಟಿಯಾಗಿ ಆಣೆ ಮಾಡಿಸಿಕೊಂಡೆ. "ಮುಖಾ ಪೂರಾ ತಯಾರ ಆಗೋತನಕ ಯಾರ ಮುಂದೂ ಬಾಯಿ ಬಿಡಬ್ಯಾಡ. ನನ್ನ ಆಣಿ!"

"ಬಿಡಾಂಗಿಲ್ಲ ತಗೋರಿ," ಎಂದಳು. ಅವಳ ಕಣ್ಣಿನಲ್ಲಿ ಏನೋ ಮಿಂಚಿತು. ನಾನು ಗಮನಿಸಬೇಕಿತ್ತು.

ಮರುದಿನ ಮುಖ ಕೆಂಪಾಯಿತು. ಆಮೇಲೆ ಕಪ್ಪಾಯಿತು. ಆಮೇಲೆ ಎದ್ದಿತು ನೋಡಿ ಸಿಪ್ಪೆ! ಗಲ್ಲದಿಂದ ಒಂದು ಚೂರು, ಮೂಗಿನಿಂದ ಒಂದು ಚೂರು, ಹಣೆಯಿಂದ ಇನ್ನೊಂದು, ಹಳೆಯ ಗೋಡೆಯ ಸುಣ್ಣ ಎದ್ದಂತೆ ತೂಗಾಡತೊಡಗಿದವು. ಬೆಳಿಗ್ಗೆ ಬಿಸಿಲು ಏರುವ ಮೊದಲು ಮುಖಕ್ಕೆ ಗಾಳಿ ಸೋಕಲೆಂದು ಬಾಗಿಲು ತೆರೆದೆ. ನಮ್ಮದು ಹಳೇ ಹುಬ್ಬಳ್ಳಿಯ ಚಾಳ. ಒಬ್ಬರ ಬಾಗಿಲು ತೆರೆದರೆ ಎದುರಿನವರ ಅಡುಗೆಮನೆ. ಎದುರು ಮನೆಯ ಶಿವಬಸವ್ವ ನೀರಿನ ಕೊಡ ಹೊತ್ತು ನಿಂತಿದ್ದಳು. ಕೊಡ ಕೆಳಗೆ ಬಿತ್ತು. "ಯವ್ವಾ! ತಾಯೀ!" ಎಂದು ಕೈಮುಗಿದು ಓಡಿದಳು.

ಸ್ವಲ್ಪ ಹೊತ್ತಿಗೆಲ್ಲ ಬಾಗಿಲಲ್ಲಿ ಪಿಸುಮಾತು ಕೇಳಿಸಿತು.

"ರತ್ನವ್ವಕ್ಕ, ಅಣ್ಣಾರಿಗೆ ಏನಾಗೇತಿ?"

"ನಾ ಹೇಳಾಂಗಿಲ್ಲವ್ವ. ಆಣಿ ಹಾಕ್ಯಾರ," ಎಂದಳು ನನ್ನ ಪತಿವ್ರತೆ.

ಅಷ್ಟು ಸಾಕಾಯಿತು! ಆಗಿನ್ನೂ ಸಿಡುಬು ಇದ್ದ ಕಾಲ; ಅದು ಬಂದ ಮನೆಯಲ್ಲಿ ಯಾರೂ ಅದರ ಹೆಸರು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ದೇವಿ ಎನ್ನುತ್ತಿದ್ದರು. ಮಡಿವಾಳಪ್ಪನ ಮೈಯಲ್ಲಿ ದೇವಿ ಬಂದಿದ್ದಾಳೆ ಎಂದು ಊಟದ ಹೊತ್ತಿಗೆ ಓಣಿಗೆಲ್ಲ ಗೊತ್ತಾಯಿತು. ಬಾಗಿಲಿಗೆ ಬೇವಿನ ಟೊಂಗೆ ಏರಿತು. ಹೊಸ್ತಿಲಿಗೆ ನೀರು ಬಿತ್ತು. ಮೊಸರನ್ನ, ಹೋಳಿಗೆ, ಎಳನೀರು ಸಾಲುಗಟ್ಟಿ ಬಂದವು. ನಾನು ಒಳಕೋಣೆಯ ಕತ್ತಲಲ್ಲಿ ಕೂತು ಒಂದೊಂದಾಗಿ ಸ್ವೀಕರಿಸಿದೆ. ಸುಳ್ಳೇಕೆ? ಕಚೇರಿಯಲ್ಲಿ ಇಷ್ಟು ವರ್ಷ ದುಡಿದು ಸಿಗದ ಮರ್ಯಾದೆ, ಚರ್ಮದ ನಾಲ್ಕು ಚೂರಿನಿಂದ ಸಿಕ್ಕಿತ್ತು!

ಬಾಗಿಲಾಚೆಯಿಂದ ಮುದುಕಿಯೊಬ್ಬಳು ಕೇಳಿದಳು: "ತಾಯೀ, ನನ್ನ ಮೊಮ್ಮಗಾ ಮ್ಯಾಟ್ರಿಕ್ ಪಾಸ್ ಆಗ್ತಾನೇನು?"

ನನಗೆ ತಡೆಯಲಾಗಲಿಲ್ಲ. "ಓದಿದ್ರ ಆಗ್ತಾನ," ಎಂದೆ.

"ಎಂಥಾ ಖರೇ ಮಾತು ಹೇಳಿದಳು ತಾಯಿ!" ಎಂದು ಹೊರಗೆ ಗದ್ದಲವೆದ್ದಿತು. ರತ್ನವ್ವ ಒಳಗೆ ಬಂದು ಸೆರಗು ಬಾಯಿಗೆ ತುರುಕಿಕೊಂಡು ಗೋಡೆಗೆ ಮುಖ ಮಾಡಿ ನಿಂತಳು. ಅವಳ ಬೆನ್ನು ಅಲುಗುತ್ತಿತ್ತು.

ಆದರೆ ಸಂಜೆ ಶಿವಬಸವ್ವ ಬಂದಳು. ಈ ಸಲ ನೈವೇದ್ಯ ತಂದಿರಲಿಲ್ಲ, ಅಳುತ್ತ ಬಂದಿದ್ದಳು. ಸೋಮವಾರ ಅವಳ ಮಗಳ ನಿಶ್ಚಯ. ಉಣಕಲ್ಲಿನ ಬೀಗರು ಹೇಳಿ ಕಳಿಸಿದ್ದರು: ದೇವಿ ಬಂದ ಓಣಿಗೆ ತಾವು ಕಾಲಿಡುವುದಿಲ್ಲ, ಮುಂದೆ ನೋಡೋಣ. "ಮುಂದ ನೋಡೋಣು ಅಂದ್ರ ಬ್ಯಾಡ ಅಂದಂಗ ಅಕ್ಕ. ಹುಡುಗಿ ಊಟಾ ಬಿಟ್ಟು ಕುಂತಾಳ," ಎಂದು ಬಿಕ್ಕಿದಳು.

ರತ್ನವ್ವನ ನಗೆ ಆರಿತು. ಒಳಗೆ ಬಂದು ನನ್ನ ಕೈಯಿಂದ ಹೋಳಿಗೆ ಕಸಿದುಕೊಂಡಳು.

"ಇನ್ನ ಆಣಿ ಸಾಕ್ರಿ. ಏಳ್ರಿ, ಹೊರಗ ಹೋಗಿ ಖರೇ ಹೇಳ್ರಿ."

"ನೀನ ಹೇಳಲಾ! ನಾ ಹೋದ್ರ ನನ್ನ ಮಾನಾ?"

"ಮಾನಾ ಮುಖದ ಮ್ಯಾಲೆ ಇತ್ತಂದ್ರ ಅದು ಆಗಲೇ ಉದುರೇತಿ. ಆ ಹುಡುಗೀದು ಉಳಸ್ರಿ!"

ಬಾಗಿಲ ಸಂದಿಯಿಂದ ಎದುರು ಮನೆಯ ಕಿಟಕಿಯಲ್ಲಿ ಆ ಹುಡುಗಿ ಕಂಡಳು. ನಿಶ್ಚಯಕ್ಕೆಂದು ತೆಗೆದಿಟ್ಟ ಸೀರೆಯನ್ನು ಮಡಚಿ ಟ್ರಂಕಿಗೆ ಹಾಕುತ್ತಿದ್ದಳು, ಮೂಗು ಒರೆಸಿಕೊಳ್ಳುತ್ತ. ಇಳಿಬಿಸಿಲಿಗೆ ಕೊಡೆ ಬಿಚ್ಚಿ ಹೊರಗೆ ಬಂದೆ.

"ನೋಡ್ರವಾ, ನಾ ದೇವಿ ಅಲ್ಲ!" ಎಂದು ಕೂಗಿದೆ.

"ತಾಯಿ ಸಿಟ್ಟಾಗ್ಯಾಳ!" ಎಂದು ಎಲ್ಲರೂ ಅಡ್ಡಬಿದ್ದರು.

ಆ ಹೊತ್ತಿಗೆ ಸರಿಯಾಗಿ ಚಾಳದ ಬಾಗಿಲಲ್ಲಿ ಸೈಕಲ್ ಗಂಟೆ ಕೇಳಿಸಿತು. ಯಾರೋ ವರದಿ ಕೊಟ್ಟಿದ್ದರು. ಸಿಡುಬಿಗೆ ಚುಚ್ಚುವ ಆರೋಗ್ಯ ಇನ್‌ಸ್ಪೆಕ್ಟರ್ ಬಂದೇನವಾಜ ಸಾಹೇಬರು ಪೆಟ್ಟಿಗೆ ಸಮೇತ ಇಳಿದರು. ನಮ್ಮ ಕಡೆ ಸಿಡುಬು ಬಂದರೂ ದೇವಿ, ಅದಕ್ಕೆ ಚುಚ್ಚಿದರೂ 'ದೇವಿ ಹಾಕುವುದು'! ಹೀಗೆ ಒಂದೇ ಅಂಗಳದಲ್ಲಿ ದೇವಿ ಬಂದವನೂ ದೇವಿ ಹಾಕುವವರೂ ಎದುರುಬದುರಾದೆವು.

"ಸಾಹೇಬ್ರ, ನನಗ ಏನೂ ಆಗಿಲ್ರಿ!"

"ಎಲ್ಲಾರೂ ಹಂಗ ಅಂತಾರ," ಎಂದು ಅವರು ನನ್ನ ಅಂಗಿ ಎತ್ತಿ ಹೊಟ್ಟೆ ನೋಡಿದರು, ಬೆನ್ನು ನೋಡಿದರು, ಅಂಗೈ ಅಂಗಾಲು ನೋಡಿದರು. ಒಂದು ಗುಳ್ಳೆಯೂ ಇಲ್ಲ. ಹುಬ್ಬು ಮೇಲೇರಿತು. "ಮುಖಕ್ಕ ಏನ ಹಚಗೊಂಡೀರಿ?"

"ಪೀಲಿಂಗ್ ರೀ..."

"ಜೋರಾಗಿ ಹೇಳ್ರಿ, ಮಂದಿಗೆ ಕೇಳಲಿ. ಯಾಕ ಹಚಗೊಂಡೀರಿ?"

ನಾನು ಕೊಡೆಯೊಳಗೆ ಮುಖ ಹುದುಗಿಸಿ ಕೂಗಿದೆ: "ಚಂದ ಕಾಣಾಕ್ರೀ!"

ಮೊದಲು ನಕ್ಕವಳು ಟ್ರಂಕಿನ ಮುಂದೆ ಕೂತಿದ್ದ ಆ ಹುಡುಗಿ! ಆಮೇಲೆ ಯಾರು ನಗಲಿಲ್ಲ ಎಂದು ಕೇಳಿ. ಮ್ಯಾಟ್ರಿಕ್ ಅಜ್ಜಿಯಂತೂ ನೆಲಕ್ಕೆ ಕೂತು ನಕ್ಕಳು. ಹೋಳಿಗೆ ಕೊಟ್ಟವರು ಪಾತ್ರೆ ವಾಪಸು ಕೇಳಿದರು.

"ಬಂದದ್ದಂತೂ ಬಂದೀನಿ," ಎಂದು ಇನ್‌ಸ್ಪೆಕ್ಟರರು ಪೆಟ್ಟಿಗೆ ಬಿಚ್ಚಿ ಇಡೀ ಚಾಳಕ್ಕೆ ಚುಚ್ಚಿದರು. ಮೊದಲ ಸರದಿ ಯಾರದೆಂದು ಹೇಳಬೇಕಾಗಿಲ್ಲ. ರೆಟ್ಟೆ ಹಿಡಿದುಕೊಂಡೇ ಅವರಿಗೆ ಕೈಮುಗಿದು, ಉಣಕಲ್ಲಿನ ಬೀಗರಿಗೆ ತಾವೇ ಒಂದು ಮಾತು ಹೇಳಬೇಕೆಂದು ಬೇಡಿಕೊಂಡೆ. ಪುಣ್ಯಾತ್ಮರು ಆ ಸಂಜೆಯೇ ಸೈಕಲ್ ತುಳಿದುಕೊಂಡು ಹೋಗಿ ಎಲ್ಲ ಹೇಳಿದರು. ಎಲ್ಲ ಎಂದರೆ ಎಲ್ಲ!

ಸೋಮವಾರ ನಿಶ್ಚಯ ನಡೆಯಿತು. ಅಷ್ಟರಲ್ಲಿ ನನ್ನ ಸಿಪ್ಪೆಯೆಲ್ಲ ಉದುರಿ ಮುಗಿದಿತ್ತು. ಬೆಳಿಗ್ಗೆ ಕನ್ನಡಿ ನೋಡಿದೆ, ಹಿಗ್ಗಿದೆ! ಕೆನ್ನೆ ಮುಟ್ಟಿದರೆ ನಿಜವಾಗಿಯೂ ನುಣುಪು, ಎಳೆ ಕೆಂಪು ಹೊಳಪು. ರತ್ನವ್ವ ಕೂಡ ಬೆರಳಿನಿಂದ ಮುಟ್ಟಿ ನೋಡಿ, "ಛಲೋ ಆಗೇತಿ," ಎಂದಳು. ಅವಳ ಬಾಯಿಂದ ಅಂಥ ಮಾತು ಬರುವುದು ಮುಖ ಸುಲಿಸಿಕೊಳ್ಳುವುದಕ್ಕಿಂತ ಕಷ್ಟ. ಇಸ್ತ್ರಿ ಅಂಗಿ ತೊಟ್ಟು, ಬೆಳಕು ಚೆನ್ನಾಗಿ ಬೀಳುವ ಜಾಗ ಹುಡುಕಿ, ಮುಖವನ್ನು ಆ ಕಡೆ ಈ ಕಡೆ ತಿರುಗಿಸುತ್ತ ಕೂತೆ.

ವರನ ಅಜ್ಜಿ ನನ್ನನ್ನು ದೂರದಿಂದಲೇ ನೋಡುತ್ತಿದ್ದಳು. ಕೊನೆಗೆ ಎದ್ದು, ಕೋಲೂರಿಕೊಂಡು ಹತ್ತಿರ ಬಂದು, ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಬೀಗರೆಲ್ಲ ಇತ್ತ ತಿರುಗಿದರು. ನಾನು ಉಸಿರು ಬಿಗಿಹಿಡಿದು ಹೊಗಳಿಕೆಯ ಮಾತಿಗಾಗಿ ಕಾದೆ.

"ಸಾಹೇಬ್ರು ಎಲ್ಲಾ ಹೇಳ್ಯಾರಪ್ಪಾ. ನಾಚಬ್ಯಾಡ, ವಿಚಾರ ಛಲೋ ಐತಿ," ಎಂದಳು ಅಜ್ಜಿ ಕನಿಕರದಿಂದ. "ಹಂಗಾರ, ಯಾವಾಗ ಸುಲಸಾವ ಇದ್ದೀ?"

ನಾನು ಗಲ್ಲ ಬಿಡಿಸಿಕೊಂಡು ಬೆಳಕಿನಿಂದ ಸರಿದು ಕೂತೆ. ಹಿಂದಿನಿಂದ ರತ್ನವ್ವ ಬಹಳ ವಿನಯದಿಂದ ಹೇಳಿದಳು:

"ಇನ್ನೂ ವಿಚಾರ ಮಾಡಾಕತ್ತಾರ್ರಿ, ಆಯಿ."