ಕೆರೆಯೇ ಕೆರೆಯನ್ನು ಕರೆದ ಮಧ್ಯಾಹ್ನ

ವೈಟ್‌ಫೀಲ್ಡ್‌ನ ನಮ್ಮ ಪ್ರಯೋಗಾಲಯದಲ್ಲಿ ಎಲ್ಲರಿಗೂ ಸೇರಿ ಒಂದೇ ದೊಡ್ಡ ಲಿನಕ್ಸ್ ಕಂಪ್ಯೂಟರು. ಅದರಲ್ಲಿರುವ ಒಂದು ಸಾಫ್ಟ್‌ವೇರಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹಳೆಯ ಆವೃತ್ತಿಯೇ ಬೇಕು, ಇನ್ನೊಂದಕ್ಕೆ ಹೊಸದೇ ಆಗಬೇಕು. ಇದಕ್ಕೆ ಒಗ್ಗಿದ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಟ್ಟು, ಅದಕ್ಕೆ ಅಜೀರ್ಣ! ಈ ಜಗಳ ಬಿಡಿಸಲೆಂದೇ ನನ್ನ ಸಹೋದ್ಯೋಗಿ ಶಶಿಕಲಾ ಕಂಪ್ಯೂಟರಿಗೆ ಸಾಲುಸಾಲಾಗಿ ಆಜ್ಞೆ ಕೊಡುವ ‘ಓಡಿಸು’ ಎಂಬ ಪುಟ್ಟ ಸ್ಕ್ರಿಪ್ಟ್ ಬರೆದಿದ್ದರು. ‘ಓಡಿಸು ಕೆರೆ’ ಎಂದು ಟೈಪ್ ಮಾಡಿದರೆ ಸಾಕು. ಕೆರೆಯ ನೊರೆಯನ್ನು ಲೆಕ್ಕ ಹಾಕುವ ‘ಕೆರೆ’ ಎಂಬ ಸಾಫ್ಟ್‌ವೇರಿಗೆ ಬೇಕಾದುದನ್ನೆಲ್ಲ ತಾನೇ ಜೋಡಿಸಿ ಓಡಿಸುತ್ತಿತ್ತು. ಅದ್ಭುತ!

ನನಗೆ ಮಾತ್ರ ಒಂದು ಕೊರತೆ ಕಂಡಿತು. ಎರಡು ಪದ ಏಕೆ? ಒಂದು ಸಾಲದೆ?

“ಇದನ್ನ ಇನ್ನೂ ಸುಲಭ ಮಾಡ್ಬಿಡ್ತೀನಿ ಮೇಡಂ” ಎಂದೆ.

“ಮಾಡಿ ಸಾರ್, ಆದ್ರೆ ಇವತ್ತು ಬೇಡ. ಕೆರೆ ಸಮಿತಿಯವರು ಬರ್ತಿದ್ದಾರೆ, ನನ್ನ ಲೆಕ್ಕ ಓಡ್ತಾ ಇದೆ” ಎಂದರು ಶಶಿಕಲಾ.

ಕೆರೆಗೆ ಕೊಳಚೆ ತರುವ ಯಾವ ಮೋರಿಯನ್ನು ಮೊದಲು ತಡೆದರೆ ನೊರೆ ತಗ್ಗುತ್ತದೆ ಎಂಬ ಲೆಕ್ಕ ಅದು. ಅದನ್ನು ನೋಡಿಯೇ ಸಮಿತಿಯವರು ಕೆಲಸ ಶುರು ಮಾಡುವವರಿದ್ದರು. ನಾನು ಗಂಭೀರವಾಗಿ ತಲೆಯಾಡಿಸಿದೆ. ಶಶಿಕಲಾ ಊಟಕ್ಕೆ ಎದ್ದೊಡನೆ ಕೀಬೋರ್ಡ್ ಎಳೆದುಕೊಂಡೆ.

ನನ್ನ ಸ್ಕ್ರಿಪ್ಟಿಗೂ ‘ಕೆರೆ’ ಎಂದೇ ನಾಮಕರಣ ಮಾಡಿದೆ. ಹೆಸರು ಟೈಪ್ ಮಾಡಿದಾಗ ಕಂಪ್ಯೂಟರು ಅದನ್ನು ಹುಡುಕುವ ಜಾಗಗಳಲ್ಲಿ ಎಲ್ಲಕ್ಕಿಂತ ಮುಂದೆ ಕೂರಿಸಿದೆ. ಕೊನೆಯ ಸಾಲಿನಲ್ಲಿ ಅಸಲಿ ಸಾಫ್ಟ್‌ವೇರನ್ನು ಕರೆದೆ. ಏನೆಂದು? ‘ಕೆರೆ’ ಎಂದು!

‘ಕೆರೆ’ ಎಂದು ಒತ್ತಿದೊಡನೆ ಕಂಪ್ಯೂಟರು ವಿಧೇಯವಾಗಿ ಅದನ್ನು ಹುಡುಕಿತು. ಮೊದಲು ಸಿಕ್ಕಿದ್ದು ನನ್ನ ಸ್ಕ್ರಿಪ್ಟು. ಅದು ಮತ್ತೆ ‘ಕೆರೆ’ಯನ್ನು ಕರೆಯಿತು. ಮತ್ತೆ ಸಿಕ್ಕಿದ್ದೂ ಅದೇ! ನನ್ನ ಸ್ಕ್ರಿಪ್ಟು ತನ್ನನ್ನೇ ಕರೆಯುತ್ತ, ಹೆರುತ್ತ, ಇಡೀ ಯಂತ್ರವನ್ನು ತುಂಬಿಕೊಂಡಿತು. ಫ್ಯಾನುಗಳು ಕಿರುಚಿದವು. ಪರದೆ ಕಲ್ಲಾಯಿತು. ನಾನೂ!

ಅದೇ ಹೊತ್ತಿಗೆ ಸಮಿತಿಯ ಅಧ್ಯಕ್ಷರು, ಪಕ್ಕದ ಹೂಡಿಯ ಹಳೇ ಮನೆತನದ ಮುನಿರಾಜಣ್ಣ, ಒಳಗೆ ಬಂದರು.

“ಏನ್ ಸಾ, ಇದ್ಯಾಕೆ ಇಂಗೆ ಕೂಗ್ತದೆ?”

“ಲೆಕ್ಕ ಜೋರಾಗಿ ನಡೀತಿದೆ ಅಣ್ಣ!” ಎಂದು ಬೆವರು ಒರೆಸಿಕೊಂಡೆ.

“ಅಂಗಾರೆ ನೊರೆ ನಿಂತೋಯ್ತದೆ ಬುಡಿ” ಎಂದು ಅವರು ನೆಮ್ಮದಿಯಾಗಿ ಕುಳಿತರು.

ಕೈ ಒರೆಸಿಕೊಳ್ಳುತ್ತ ಬಂದ ಶಶಿಕಲಾ ಪರದೆ ನೋಡಿದರು. ನನ್ನ ಮುಖ ನೋಡಿದರು. ಯಂತ್ರವನ್ನೇ ಆಫ್ ಮಾಡಿ ಆನ್ ಮಾಡಿದರು.

“ನಿಮ್ಮ ಲೆಕ್ಕ ಹೋಯ್ತಲ್ಲ ಮೇಡಂ!” ಎಂದೆ. ಅಳುವುದೊಂದು ಬಾಕಿ.

“ಎಲ್ಲಿಗೆ ಹೋಗುತ್ತೆ ಸಾರ್? ‘ಓಡಿಸು’ ಆಗಾಗ ಉಳಿಸ್ಕೊಂಡಿರುತ್ತೆ.”

ಆಮೇಲೆ ನನ್ನ ‘ಕೆರೆ’ಯನ್ನು ಅಳಿಸಿ, ‘ಓಡಿಸು ಕೆರೆ’ ಎಂದು ಒತ್ತಿದರು. ಲೆಕ್ಕ ನಿಂತಲ್ಲಿಂದಲೇ ಮುಂದುವರಿಯಿತು! ಕಾಫಿ ಮುಗಿಯುವಷ್ಟರಲ್ಲಿ ಪೂರ್ವದ ಮೋರಿಯನ್ನು ಮೊದಲು ತಡೆಯಬೇಕೆಂಬ ಉತ್ತರ ಬಂತು. ಮುನಿರಾಜಣ್ಣ ಎದ್ದು ಕೈಮುಗಿದರು. ಶಶಿಕಲಾ ಅವರಿಗೆ. ನಾನೂ ಮನಸ್ಸಿನಲ್ಲೇ ಮುಗಿದೆ.

ಮರುದಿನ ನಾನು ‘ಓಡಿಸು’ ಒತ್ತಿದಾಗ ಪರದೆಯಲ್ಲಿ ಹೊಸ ಸಾಲೊಂದು ಮೂಡಿತು: “ಸಾರ್, ಶಶಿಕಲಾ ಅವರನ್ನ ಕೇಳಿದ್ರಾ?”

ಬೇರೆ ಯಾರಿಗೂ ಈ ಪ್ರಶ್ನೆ ಬರುವುದಿಲ್ಲವಂತೆ. ಮರ್ಯಾದೆ ಉಳಿಸಿಕೊಳ್ಳಲು ‘ಹೌದು’ ಎಂದು ಒತ್ತಿದೆ.

“ಸುಳ್ಳು ಹೇಳ್ಬೇಡಿ ಸಾರ್” ಎಂದಿತು ಸ್ಕ್ರಿಪ್ಟು.

ಎದ್ದು ಹೋಗಿ ಕೇಳಿಕೊಂಡು ಬಂದೆ.